ಚಿಕ್ಕ ಮಕ್ಕಳಿರುವ ಮನೆಗೆ ಒಂದು ಈಸ್ಟರ್ ಪೆಟ್ಟಿಗೆ: ಯಾವುದು ಸಾರ್ಥಕ, ಯಾವುದು ಬರೀ ಅಲಂಕಾರ

2021ರ ಏಪ್ರಿಲ್ 4ರಂದು ಬಂದ, ಯೇಸುವಿನ ಪುನರುತ್ಥಾನದ ಹಬ್ಬವಾದ ಈಸ್ಟರಿಗಾಗಿ ಬೆಳಗಾವಿಯ ಕ್ಯಾಂಪ್ ಭಾಗದ ಒಂದು ಮನೆ-ಬೇಕರಿಯವರು ಚಿಕ್ಕ ಮಕ್ಕಳಿಗೆಂದೇ ಸಿದ್ಧಪಡಿಸಿದ ‘ಈಸ್ಟರ್ ಪೆಟ್ಟಿಗೆ’ಯನ್ನು ನಾವು ತರಿಸಿಕೊಂಡಿದ್ದೆವು. ಬೆಲೆ ಆಗ 850 ರೂಪಾಯಿ ಇತ್ತು. ವಾಟ್ಸಾಪ್‌ನಲ್ಲಿ ಹೇಳಿ, ಫೋನ್‌ಪೇಯಲ್ಲಿ ಹಣ ಕಳುಹಿಸಿದರೆ ನಗರದೊಳಗೆ ಮನೆ ಬಾಗಿಲಿಗೆ ತಲುಪಿಸುತ್ತಿದ್ದರು. ತಾಯಿ, ಮಗಳು ಇಬ್ಬರೇ ಸೇರಿ ನಡೆಸುವ ಅಡುಗೆಮನೆ ಅದು. ಇರುವ ಗಿರಾಕಿಗಳಿಗೇ ಕೈ ಸಾಲುತ್ತಿಲ್ಲ, ದಯವಿಟ್ಟು ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡದ್ದರಿಂದ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ಆದರೂ ಈ ವಿಮರ್ಶೆ ಬರೆಯುವುದಕ್ಕೆ ಕಾರಣವಿದೆ. ಕೊರೊನಾ ಬಂದಾಗಿನಿಂದ ಇಂಥ ಪೆಟ್ಟಿಗೆಗಳನ್ನು ಊರೂರಿನ ಮನೆ-ಬೇಕರಿಗಳು ಮಾರತೊಡಗಿವೆ, ಮತ್ತು ಕೊಳ್ಳುವ ತಂದೆತಾಯಿಗಳು ಹೆಚ್ಚಾಗಿ ಒಳಗಿನ ಚಾಕಲೇಟನ್ನು ನೋಡಿ ಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಪೆಟ್ಟಿಗೆಯಲ್ಲಿ ಕೊನೆಗೆ ನೋಡಬೇಕಾದ ವಸ್ತು ಅದೇ.

ಅದರ ಹಿಂದಿನ ವರ್ಷ, 2020ರ ಈಸ್ಟರ್ ಏಪ್ರಿಲ್ 12ಕ್ಕೆ, ಅಂದರೆ ಮಾರ್ಚ್ 25ರಿಂದ ಏಪ್ರಿಲ್ 14ರವರೆಗಿನ ಮೊದಲ ಲಾಕ್‌ಡೌನಿನ ಒಳಗೇ ಬಂದಿತ್ತು. ಆಗ ಚರ್ಚೇ ತನ್ನ ವಿಧಿಗಳನ್ನು ಮೊಟಕುಗೊಳಿಸಿತ್ತು: ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯನ್ನೂ ಈಸ್ಟರಿನ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆಯಲ್ಲಿ ಹೊಸ ಬೆಂಕಿ ಹೊತ್ತಿಸುವುದನ್ನೂ ಕೈಬಿಡಬೇಕೆಂದು ವ್ಯಾಟಿಕನ್ ಸೂಚಿಸಿತ್ತು, ಪೋಪ್ ಫ್ರಾನ್ಸಿಸ್ ಅವರು ಜನರಿಲ್ಲದ ಸಂತ ಪೇತ್ರರ ಬಸಿಲಿಕದಲ್ಲಿ ಪೂಜೆ ಅರ್ಪಿಸಿದ್ದರು. 2021ರಲ್ಲಿ ಸ್ಥಿತಿ ಸುಧಾರಿಸೀತು ಎಂದುಕೊಳ್ಳುವಷ್ಟರಲ್ಲಿ ಎರಡನೆಯ ಅಲೆಯ ಸುದ್ದಿ ಬಂತು. ಶುಭ ಶುಕ್ರವಾರವಾದ ಏಪ್ರಿಲ್ 2ರಂದೇ ರಾಜ್ಯ ಸರ್ಕಾರ ಆರರಿಂದ ಒಂಬತ್ತನೆಯ ತರಗತಿಗಳನ್ನು ಮತ್ತೆ ನಿಲ್ಲಿಸಿತು. ಒಂದರಿಂದ ಐದನೆಯ ತರಗತಿಯ ಮಕ್ಕಳಂತೂ ಆ ಶಾಲಾ ವರ್ಷವಿಡೀ ಶಾಲೆಯ ಮುಖವನ್ನೇ ನೋಡಿರಲಿಲ್ಲ. ಲಸಿಕೆ ಏಪ್ರಿಲ್ 1ರಿಂದ 45 ವರ್ಷ ದಾಟಿದವರಿಗೆ ಸಿಗುತ್ತಿತ್ತು, ಮಕ್ಕಳಿಗೆ ಇರಲಿಲ್ಲ. ಏಳು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳೂ ಆಗಷ್ಟೇ ಮೊದಲ ಡೋಸ್ ಪಡೆದ ನಮ್ಮ ಅತ್ತೆಯವರೂ ಇರುವ ಮನೆಯಲ್ಲಿ, ಹಬ್ಬವನ್ನು ಮನೆಯಲ್ಲಿಯೇ ಆಚರಿಸುವುದೆಂದು ನಿರ್ಧರಿಸುವುದು ಕಷ್ಟವಾಗಲಿಲ್ಲ. ಹೇಗೆ ಆಚರಿಸುವುದು ಎಂಬುದು ಮಾತ್ರ ಕಷ್ಟವಾಗಿತ್ತು.

ಕ್ರಿಸ್‌ಮಸ್ಸಿಗೆ ಯೇಸುವಿನ ಜನನದ ದೃಶ್ಯ ತೋರಿಸುವ ಗೋದಲಿ ಇದೆ. ಅದನ್ನು ಕಟ್ಟುವುದರಲ್ಲಿಯೇ ಮಕ್ಕಳಿಗೆ ವಾರಗಟ್ಟಲೆ ಕೆಲಸ ಸಿಗುತ್ತದೆ. ಈಸ್ಟರಿಗೆ ಹಾಗಿಲ್ಲ. ಅದರ ತೂಕವೆಲ್ಲ ಗುರುವಾರದ ಸಂಜೆಯಿಂದ ಭಾನುವಾರದ ಬೆಳಗಿನವರೆಗಿನ ಮೂರು ದಿನಗಳಲ್ಲಿದೆ, ಆ ಮೂರು ದಿನಗಳ ವಿಧಿಗಳೆಲ್ಲ ಚರ್ಚಿನಲ್ಲಿ ನಡೆಯುತ್ತವೆ. ಚರ್ಚಿಗೆ ಹೋಗುವುದು ನಿಂತರೆ ಮಗುವಿಗೆ ಉಳಿಯುವುದು ಭಾನುವಾರದ ಬಿರಿಯಾನಿ ಮತ್ತು ಒಂದು ಸಿಹಿ ಮೊಟ್ಟೆ ಮಾತ್ರ. ಆದ್ದರಿಂದ ಪೆಟ್ಟಿಗೆಯ ಒಂದೊಂದು ವಸ್ತುವನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆದೆ: ಇದು ಮಕ್ಕಳ ಕೈಗೆ ಎಷ್ಟು ಹೊತ್ತು, ಎಷ್ಟು ದಿನ ಕೆಲಸ ಕೊಡುತ್ತದೆ?

ಪೆಟ್ಟಿಗೆ ಎರಡು ಕಂತುಗಳಲ್ಲಿ ಬರುತ್ತದೆ, ಮತ್ತು ಇದು ಅವರ ಯೋಜನೆಯ ಅತ್ಯಂತ ಜಾಣ ಭಾಗ. ಈಸ್ಟರಿನ ಹಿಂದಿನ ಭಾನುವಾರವಾದ ಗರಿಗಳ ಭಾನುವಾರಕ್ಕೆ ಮುಂಚಿನ ಶುಕ್ರವಾರ ಮೊದಲ ಕಂತು ಬಂತು: ತೋಟ ಮಾಡುವ ಸಾಮಾನು, ಮೇಣದಬತ್ತಿ, ಮೊಟ್ಟೆಯ ಬಣ್ಣ, ಕಥೆಯ ಹಾಳೆಗಳು. ತಿನ್ನುವ ಪದಾರ್ಥಗಳೆಲ್ಲ ಪವಿತ್ರ ಗುರುವಾರದ ಸಂಜೆ ಎರಡನೆಯ ಕಂತಿನಲ್ಲಿ ಬಂದವು. ಎಲ್ಲವನ್ನೂ ಒಟ್ಟಿಗೆ ಕೊಟ್ಟಿದ್ದರೆ ನಮ್ಮ ಚಿಕ್ಕವನು ಸಿಹಿಯನ್ನು ಮೊದಲ ದಿನವೇ ಮುಗಿಸಿ ಉಳಿದದ್ದನ್ನು ಮೂಲೆಗೆ ತಳ್ಳುತ್ತಿದ್ದ.

ತೋಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಪೆಟ್ಟಿಗೆಯ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಾರ್ಥಕವಾಗುವುದು ಇದರಿಂದಲೇ. ಒಂದು ಅಗಲವಾದ ಮಣ್ಣಿನ ತಟ್ಟೆ, ಅಂಗೈಯಗಲದ ಒಂದು ಕುಡಿಕೆ, ಅದರ ಬಾಯಿಗೆ ಸರಿಯಾಗಿ ಕೂರುವ ಒಂದು ಚಪ್ಪಟೆ ಕಲ್ಲು, ಒಂದು ಚೀಲ ಹದಮಾಡಿದ ಮಣ್ಣು, ಸಾಸಿವೆ, ಮೆಂತ್ಯ ಮತ್ತು ಗೋಧಿಯ ಮೂರು ಪೊಟ್ಟಣಗಳು, ಶಿಲುಬೆ ಕಟ್ಟಲು ಕಡ್ಡಿ ಮತ್ತು ನೂಲು, ಒಂದು ತುಂಡು ಬಿಳಿ ಬಟ್ಟೆ: ಇಷ್ಟು ಸಾಮಾನು. ತಟ್ಟೆಯೂ ಕುಡಿಕೆಯೂ ಖಾನಾಪುರದ ಕುಂಬಾರರ ಕೈಕೆಲಸವೆಂದು ಹೇಳಿದರು. ಖಾನಾಪುರದ ಮಣ್ಣಿನ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ಹಿಂದಿನಿಂದಲೂ ಹೆಸರಿದೆ, ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿಯೇ ಇದೆ. ಕುಡಿಕೆಯನ್ನು ಅಡ್ಡ ಮಲಗಿಸಿ ಮೇಲೆ ಮಣ್ಣು ಏರಿಸಿದರೆ ಯೇಸುವಿನ ಸಮಾಧಿಯಾಗುತ್ತದೆ, ಹಿಂದಿನ ದಿಬ್ಬದ ಮೇಲೆ ಮೂರು ಶಿಲುಬೆಗಳನ್ನು ನೆಟ್ಟರೆ ಯೇಸುವನ್ನು ಶಿಲುಬೆಗೇರಿಸಿದ ಕಲ್ವಾರಿ ಬೆಟ್ಟವಾಗುತ್ತದೆ, ಮುಂದಿನ ಜಾಗದಲ್ಲಿ ಬೀಜ ಚೆಲ್ಲಿದರೆ ಈಸ್ಟರಿನ ಹೊತ್ತಿಗೆ ಹಸಿರು ಬರುತ್ತದೆ. ನವರಾತ್ರಿಯಲ್ಲಿ ಘಟ ಹಾಕಿ ಸಸಿ ಬೆಳೆಸುವ ಮನೆಗಳ ನಡುವೆಯೇ ಬೆಳೆಯುವ ನಮ್ಮ ಭಾಗದ ಮಕ್ಕಳಿಗೆ ಈ ಕೆಲಸವನ್ನು ವಿವರಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ದೊಡ್ಡವಳು ಗೋಧಿಯನ್ನು ರಾತ್ರಿ ನೆನೆಹಾಕಿಯೇ ಬಿತ್ತಬೇಕೆಂದು ತಾನೇ ಹಟ ಹಿಡಿದಳು.

ಸಾಸಿವೆ ಎರಡು ಮೂರು ದಿನಗಳಲ್ಲಿ ಕಣ್ಣು ಬಿಟ್ಟಿತು, ಮೆಂತ್ಯವೂ ಅದರ ಜೊತೆಗೇ ಬಂತು, ಗೋಧಿ ನಿಧಾನವಾಗಿ ಬಂದು ಈಸ್ಟರಿನ ಹೊತ್ತಿಗೆ ಎಲ್ಲಕ್ಕಿಂತ ಎತ್ತರವಾಗಿ ನಿಂತಿತು. ದಿನಕ್ಕೊಂದು ಬದಲಾವಣೆ ಕಾಣುವಂತೆ ಬೀಜಗಳನ್ನು ಆರಿಸಿದ್ದಾರೆಂಬುದು ಸ್ಪಷ್ಟ. ದೋಷವಿರುವುದು ತಟ್ಟೆಯಲ್ಲಿ. ಅದಕ್ಕೆ ನೀರು ಬಸಿಯುವ ತೂತಿಲ್ಲ. ಹೊಳಪು ಲೇಪಿಸದ ಮಣ್ಣಾದ್ದರಿಂದ ಏಪ್ರಿಲ್ ತಿಂಗಳ ಬಿಸಿಲಿಗೆ ಮೇಲಿನ ಪದರ ಮಧ್ಯಾಹ್ನದೊಳಗೆ ಒಣಗುತ್ತದೆ, ಒಣಗಿತೆಂದು ಮಕ್ಕಳು ಲೋಟಗಟ್ಟಲೆ ನೀರು ಸುರಿಯುತ್ತಾರೆ, ತಳದಲ್ಲಿ ಆ ನೀರು ನಿಂತು ಮೆಂತ್ಯದ ಬುಡಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮ ತೋಟದ ಒಂದು ಮೂಲೆ ಹೀಗೆಯೇ ಕೊಳೆಯಿತು. ತಟ್ಟೆಯ ತಳಕ್ಕೆ ನಾಲ್ಕು ತೂತು, ಜೊತೆಗೊಂದು ಚಿಕ್ಕ ನೀರು ಚಿಮುಕಿಸುವ ಬಾಟಲಿ ಕೊಟ್ಟರೆ ಈ ತೊಂದರೆ ಇರುವುದಿಲ್ಲ. ಶಿಲುಬೆಗೆ ಕೊಟ್ಟ ಕಡ್ಡಿಗಳ ತುದಿಯೂ ಚೂಪಾಗಿದೆ. ನಾಲ್ಕು ವರ್ಷದ ಮಗುವಿನ ಕೈಗೆ ಕೊಡುವ ಮೊದಲು ಅದನ್ನು ಉಜ್ಜಿ ಮೊಂಡು ಮಾಡಬೇಕಾಯಿತು. ಇಬ್ಬರು ಮಕ್ಕಳಿರುವ ಮನೆಗೆ ಒಂದೇ ತಟ್ಟೆ ಎಂಬುದರ ಪರಿಣಾಮವನ್ನು ನಾನು ವಿವರಿಸಬೇಕಾಗಿಲ್ಲ.

ತೋಟದೊಂದಿಗೆ ಬರುವ ಕಥೆಯ ಹಾಳೆಗಳು ನನ್ನ ನಿರೀಕ್ಷೆಗಿಂತ ಉತ್ತಮವಾಗಿವೆ. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರಕ್ಕೆ ಒಂದೊಂದು ಹಾಳೆ. ಪ್ರತಿಯೊಂದರಲ್ಲಿಯೂ ಬೈಬಲಿನ ಸುವಾರ್ತೆಯ ಆ ದಿನದ ಪ್ರಸಂಗ ಮಕ್ಕಳಿಗೆ ಓದಿ ಹೇಳುವಷ್ಟು ಸರಳವಾಗಿದೆ, ಕೆಳಗೆ ಮಾಡಬೇಕಾದ ಒಂದು ಕೆಲಸವಿದೆ. ಗುರುವಾರದ ಕೆಲಸ ಮನೆಯ ಎಲ್ಲರ ಪಾದ ತೊಳೆಯುವುದು. ಅಕ್ಕ ತಮ್ಮನ ಕಾಲು ತೊಳೆಯಬೇಕೆಂಬ ಸೂಚನೆಗೆ ಆದ ಗಲಾಟೆಯನ್ನು ಬಿಟ್ಟರೆ ಅದು ಚೆನ್ನಾಗಿಯೇ ನಡೆಯಿತು, ಮತ್ತು ಅತ್ತೆಯವರ ಕಾಲನ್ನು ಇಬ್ಬರೂ ಪೈಪೋಟಿಯಿಂದ ತೊಳೆದರು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಬಿಳಿ ಬಟ್ಟೆಯ ತುಂಡನ್ನು ಸುತ್ತಿ ಕುಡಿಕೆಯೊಳಗಿಟ್ಟು ಕಲ್ಲು ಮುಚ್ಚಬೇಕು. ಶನಿವಾರದ ಹಾಳೆಯಲ್ಲಿ ಯಾವ ಕೆಲಸವನ್ನೂ ಕೊಟ್ಟಿಲ್ಲ, ತೋಟಕ್ಕೆ ನೀರು ಹಾಕಿ ಕಾಯಿರಿ ಎಂದಷ್ಟೇ ಬರೆದಿದೆ. ಇದು ಬಹಳ ಸರಿಯಾದ ನಿರ್ಧಾರ. ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ದೊಡ್ಡವರು ಕಲ್ಲನ್ನು ಸರಿಸಿ ಬಟ್ಟೆಯನ್ನು ಮಡಚಿಡಬೇಕೆಂಬ ಸೂಚನೆ ಹಾಳೆಯ ಹಿಂಬದಿಯಲ್ಲಿ ಪ್ರತ್ಯೇಕವಾಗಿದೆ.

ಭಾನುವಾರದ ಹಾಳೆಗೆ ಒಂದು ಪುಟ್ಟ ಬಟ್ಟೆಯ ಗಂಟು ಕಟ್ಟಿದ್ದರು, ಒಳಗೆ ಲವಂಗ ಮತ್ತು ದಾಲ್ಚಿನ್ನಿ. ಮಾರ್ಕನ ಸುವಾರ್ತೆಯಲ್ಲಿ ಮಗ್ದಲದ ಮರಿಯ, ಯಾಕೋಬನ ತಾಯಿ ಮರಿಯ ಮತ್ತು ಸಲೋಮೆ ಸುಗಂಧದ್ರವ್ಯಗಳನ್ನು ಕೊಂಡು, ನಸುಕಿನಲ್ಲಿ ಸಮಾಧಿಗೆ ಹೋಗುತ್ತಾ, ಬಾಗಿಲಿನ ಕಲ್ಲನ್ನು ನಮಗೆ ಯಾರು ಉರುಳಿಸಿಕೊಡುವರು ಎಂದು ಮಾತನಾಡಿಕೊಳ್ಳುತ್ತಾರೆ. ಮಕ್ಕಳು ಆ ಗಂಟನ್ನು ಹಿಡಿದು ಅದೇ ಪ್ರಶ್ನೆ ಕೇಳುತ್ತಾ ತೋಟದ ಬಳಿಗೆ ಹೋಗಬೇಕು. ನಮ್ಮ ಚಿಕ್ಕವನು ಕಲ್ಲು ಸರಿದದ್ದನ್ನು ನೋಡಿ, ‘ಆಯಿ, ನೀ ಸರಿಸಿ ಏನು?’ ಎಂದು ಮೊದಲು ಅಜ್ಜಿಯ ಮೇಲೆಯೇ ಸಂಶಯಪಟ್ಟ. ಐದು ರೂಪಾಯಿಯೂ ಬಾಳದ ಆ ಗಂಟು ಇಡೀ ಪೆಟ್ಟಿಗೆಯಲ್ಲಿ ಅತ್ಯಂತ ಯೋಚಿಸಿ ಇಟ್ಟ ವಸ್ತು ಎಂಬುದು ನನ್ನ ಅನಿಸಿಕೆ. ಹಾಳೆಗಳ ಅಕ್ಷರ ಮಾತ್ರ ತೀರ ಸಣ್ಣದು. ಓದಿ ಹೇಳುವವರು ಹೆಚ್ಚಿನ ಮನೆಗಳಲ್ಲಿ ಅಜ್ಜ ಅಜ್ಜಿಯರೇ ಆಗಿರುವುದರಿಂದ ಇದನ್ನು ಸರಿಪಡಿಸಲೇಬೇಕು.

ಮೇಣದಬತ್ತಿ ಚರ್ಚಿನ ಪಾಸ್ಕ ಮೇಣದಬತ್ತಿಯ ಚಿಕ್ಕ ರೂಪ. ಅದರ ಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ ಮತ್ತು ಒಮೇಗಾ, 2021 ಎಂಬ ಅಂಕಿಗಳು, ಯೇಸುವಿನ ಐದು ಗಾಯಗಳ ಗುರುತಾಗಿ ಐದು ಚುಕ್ಕೆಗಳು ಬರಬೇಕು. ಇವನ್ನೆಲ್ಲ ಕತ್ತರಿಸಿ ಅಂಟಿಸಲು ತೆಳುವಾದ ಬಣ್ಣದ ಮೇಣದ ಹಾಳೆಗಳನ್ನು ಕೊಟ್ಟಿದ್ದಾರೆ. ಅಂಟು ಬೇಕಾಗಿಲ್ಲ, ಬೆರಳಿನ ಬಿಸಿಗೇ ಹಿಡಿದುಕೊಳ್ಳುತ್ತದೆ. ಏಳು ವರ್ಷದವಳಿಗೆ ಒಂದು ಇಡೀ ಮಧ್ಯಾಹ್ನದ ಕೆಲಸ, ನಾಲ್ಕು ವರ್ಷದವನಿಗೆ ಚುಕ್ಕೆಗಳನ್ನು ಒತ್ತುವ ಕೆಲಸ. ಶನಿವಾರ ರಾತ್ರಿ ಮನೆಯ ದೀಪಗಳನ್ನೆಲ್ಲ ಆರಿಸಿ, ಮೊಬೈಲಿನಲ್ಲಿ ಜಾಗರಣೆಯ ಪೂಜೆ ಹಾಕಿ, ಈ ಬತ್ತಿಯನ್ನು ನಾವೇ ಹೊತ್ತಿಸಿದೆವು. ಪೂಜೆಯನ್ನು ಕಾಲು ಗಂಟೆಗಿಂತ ಹೆಚ್ಚು ಮಕ್ಕಳು ನೋಡಲಿಲ್ಲ, ಮೇಣದಬತ್ತಿಯನ್ನು ನೋಡಿಕೊಂಡು ಕುಳಿತಿದ್ದರು. ಬತ್ತಿಯ ನೂಲು ದಪ್ಪವಾದ್ದರಿಂದ ಹೊಗೆ ಜಾಸ್ತಿ, ಮೇಣ ಬೇಗ ಸುರಿಯುತ್ತದೆ, ನಿಲ್ಲಿಸಲು ಆಧಾರವನ್ನೂ ಕೊಟ್ಟಿಲ್ಲ. ಅಗಲವಾದ ಸ್ಟೀಲ್ ಡಬ್ಬಿಗೆ ಮರಳು ತುಂಬಿ ಅದರಲ್ಲಿ ನಿಲ್ಲಿಸುವುದು ಕ್ಷೇಮ.

ಮೊಟ್ಟೆಗೆ ಬಣ್ಣ ಹಾಕುವ ಸಾಮಗ್ರಿಯಲ್ಲಿ ನಾಲ್ಕು ಪುಡಿಗಳು ಮತ್ತು ಒಂದು ಸಣ್ಣ ಬಾಟಲಿ ಬಿಳಿ ವಿನೆಗರ್ ಇವೆ. ಮೊಟ್ಟೆಯನ್ನು ನಾವೇ ತರಬೇಕು. ಹಳೆಯ ಕಾಲದಲ್ಲಿ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಮೊಟ್ಟೆ ವರ್ಜ್ಯವಾಗಿತ್ತು, ಕೋಳಿಗಳು ಮಾತ್ರ ಇಡುತ್ತಲೇ ಇದ್ದವು. ಹಾಗೆ ಕೂಡಿಟ್ಟ ಮೊಟ್ಟೆಗಳೇ ಹಬ್ಬದ ದಿನ ಬಣ್ಣ ಹಚ್ಚಿಕೊಂಡು ಹೊರಬಂದವು. ಅದೇ ಸಂಗತಿಯನ್ನು ಅತ್ತೆಯವರು ಹೇಳುತ್ತಿದ್ದಾಗ ಮಗಳು, ‘ಆಯಿ, ಇದು ಹೋಳಿ ಬಣ್ಣ ಐತೇನು?’ ಎಂದಳು. ಪ್ರಶ್ನೆ ಅಷ್ಟೇನೂ ದೂರದ್ದಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಭಾನುವಾರ ಈಸ್ಟರ್. 2021ರಲ್ಲಿ ಆ ಹುಣ್ಣಿಮೆ ಹೋಳಿ ಹುಣ್ಣಿಮೆಯೇ ಆಗಿತ್ತು, ಗರಿಗಳ ಭಾನುವಾರದಂದೇ ಬಿದ್ದಿತ್ತು. ಓಣಿಯಲ್ಲಿ ರಂಗಿನ ಪುಡಿ ಇನ್ನೂ ಮಾಸಿರಲಿಲ್ಲ.

ಪುಡಿಗಳ ಬಗ್ಗೆ ನನಗೆ ತೃಪ್ತಿಯಿಲ್ಲ. ಕೆಂಪು ಮತ್ತು ಹಳದಿ ಚೆನ್ನಾಗಿ ಹಿಡಿದವು, ನೀಲಿ ಮಚ್ಚೆ ಮಚ್ಚೆಯಾಯಿತು, ಹಸಿರು ಎರಡು ದಿನ ಕೈಯಿಂದ ಹೋಗಲಿಲ್ಲ. ಬಿಳಿ ಚಿಪ್ಪಿನ ಫಾರಂ ಮೊಟ್ಟೆಯನ್ನೇ ಬಳಸಿ ಎಂದು ಚೀಟಿಯಲ್ಲಿ ಬರೆಯಬೇಕಿತ್ತು, ಬರೆದಿಲ್ಲ. ಜವಾರಿ ಮೊಟ್ಟೆಯ ಕಂದು ಚಿಪ್ಪಿನ ಮೇಲೆ ಹಳದಿ ಕಾಣುವುದೇ ಇಲ್ಲ. ವಿನೆಗರ್ ಬೇಕಾಗುವುದೇಕೆಂದರೆ, ಅದರ ಆಮ್ಲ ಸುಣ್ಣದ ಅಂಶವಿರುವ ಚಿಪ್ಪನ್ನು ಸ್ವಲ್ಪ ಕರಗಿಸಿ ಬಣ್ಣ ಕಚ್ಚಿಕೊಳ್ಳುವಂತೆ ಮಾಡುತ್ತದೆ; ಚಿಪ್ಪಿನ ಮೇಲೆ ಏಳುವ ಗುಳ್ಳೆಗಳನ್ನು ಮಕ್ಕಳು ಬಣ್ಣಕ್ಕಿಂತ ಹೆಚ್ಚಾಗಿ ಮೆಚ್ಚಿದರು. ಅಡುಗೆಮನೆಯ ಈರುಳ್ಳಿ ಸಿಪ್ಪೆಯನ್ನು ಕುದಿಸಿ, ಅದೇ ನೀರಿಗೆ ಎರಡು ಚಮಚ ವಿನೆಗರ್ ಹಾಕಿ ಮೊಟ್ಟೆ ಅದ್ದಿದಾಗ ಬಂದ ಕೆಂಗಂದು ಬಣ್ಣ ಪೆಟ್ಟಿಗೆಯ ಎಲ್ಲ ಪುಡಿಗಳಿಗಿಂತ ಚೆಂದವಾಗಿತ್ತು. ಅರಿಶಿನ, ಬೀಟ್‌ರೂಟ್ ಕೂಡ ಸಾಕು. ಬೇಯಿಸಿದ ಮೊಟ್ಟೆಯನ್ನು ಈ ಸೆಖೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಟ್ಟರೆ ಮಕ್ಕಳಿಗೆ ತಿನ್ನಿಸಬಾರದು. ಮನೆಯೊಳಗೆ ಬಚ್ಚಿಟ್ಟು ಹುಡುಕುವ ಆಟವಾಡುವವರು ಎಷ್ಟು ಬಚ್ಚಿಟ್ಟಿದ್ದಾರೆಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸೋಫಾದ ಸಂದಿಯಲ್ಲಿ ಉಳಿದ ಒಂದು ಮೊಟ್ಟೆ ವಾರದ ನಂತರ ತಾನೇ ಸುದ್ದಿ ಹೇಳುತ್ತದೆ.

ತಿನ್ನುವ ಪದಾರ್ಥಗಳಲ್ಲಿ ಮಾರ್ಜಿಪಾನ್ ಮೊಟ್ಟೆಗಳೇ ಮೊದಲು. ಗೋವೆಯ ಪದ್ಧತಿಯಂತೆ ಬಾದಾಮಿಯ ಬದಲು ಗೋಡಂಬಿ ಅರೆದು, ಸಕ್ಕರೆ, ಮೊಟ್ಟೆಯ ಬಿಳಿಭಾಗ ಮತ್ತು ಗುಲಾಬಿ ನೀರಿನೊಂದಿಗೆ ಪಾತ್ರೆಯ ತಳ ಬಿಡುವವರೆಗೆ ಕಾಯಿಸಿ, ಅಚ್ಚಿಗೆ ಒತ್ತಿ ಮಾಡಿದವು. ಖಾನಾಪುರ, ಚಂದಗಡದ ಗೋಡಂಬಿ ಕೈಯಳತೆಯಲ್ಲಿ ಸಿಗುವ ಬೆಳಗಾವಿಯಲ್ಲಿ ಇದು ಹೀಗೆಯೇ ಇರಬೇಕು. ಹದವಾದ ಸಿಹಿ, ನಾಲಿಗೆಗೆ ಗೋಡಂಬಿಯ ತರಿ ಸಿಗುತ್ತದೆ, ಗುಲಾಬಿ ನೀರು ಮೂಗಿಗೆ ಹೊಡೆಯುವುದಿಲ್ಲ. ಮೇಲಿನ ಬಿಳಿ ಐಸಿಂಗ್ ಹೂಗಳ ಬಗ್ಗೆ ನನಗೆ ಆತಂಕವಿತ್ತು, ಏಕೆಂದರೆ ಅದಕ್ಕೆ ಸಾಮಾನ್ಯವಾಗಿ ಹಸಿ ಬಿಳಿಭಾಗ ಬಳಸುತ್ತಾರೆ, ಚಿಕ್ಕ ಮಕ್ಕಳಿಗೆ ಅದು ಸಲ್ಲದು. ಫೋನ್ ಮಾಡಿ ಕೇಳಿದಾಗ, ‘ಇಲ್ರೀ ಅಕ್ಕಾರ, ಹಸೀದು ಹಾಕೂದಿಲ್ಲ, ಕುದಿಯೋ ಪಾಕದಾಗ ಹಾಕಿ ತಿರುವಿ ಮಾಡ್ತೀವಿ’ ಎಂದು ಬೇಕರಿ ನಡೆಸುವ ಮಗಳು ನಿಧಾನವಾಗಿ ವಿವರಿಸಿದರು. ಆ ಉತ್ತರ ಡಬ್ಬಿಯ ಮೇಲೆಯೇ ಇದ್ದಿದ್ದರೆ ಫೋನಿನ ಅಗತ್ಯವಿರಲಿಲ್ಲ. ಇವನ್ನು ಮನೆಯಲ್ಲಿ ಬಚ್ಚಿಡುವ ಆಸೆ ಬೇಡ. ಬೇಸಿಗೆಯ ಇರುವೆಗಳು ಮಕ್ಕಳಿಗಿಂತ ಮೊದಲು ಹುಡುಕುತ್ತವೆ. ಬದಲಿಗೆ ಚೀಟಿಗಳನ್ನು ಬಚ್ಚಿಟ್ಟು, ಚೀಟಿಗೊಂದು ಮೊಟ್ಟೆ ಎಂದು ಕೊಡಬಹುದು.

ಶುಭ ಶುಕ್ರವಾರದ ಶಿಲುಬೆ ಗುರುತಿನ ಬನ್ನುಗಳು ಮೃದುವಾಗಿದ್ದವು, ಒಣದ್ರಾಕ್ಷಿ ಧಾರಾಳವಾಗಿತ್ತು, ಮರುದಿನಕ್ಕೂ ಹಾಳಾಗಲಿಲ್ಲ. ಚಾಕಲೇಟಿನ ಟೊಳ್ಳು ಮೊಟ್ಟೆ ಮಾತ್ರ ನಿರಾಶೆ. ನಿಜವಾದ ಚಾಕಲೇಟಿನ ಕೊಕೊ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಏಪ್ರಿಲ್‌ನಲ್ಲಿ ನಮ್ಮೂರಿನ ಮಧ್ಯಾಹ್ನದ ಸೆಖೆ ಅದನ್ನು ದಾಟುತ್ತದೆ. ಆದ್ದರಿಂದ ಕೊಕೊ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಸೇರಿಸಿದ ಕಾಂಪೌಂಡ್ ಬಳಸಿದ್ದಾರೆ. ಆಕಾರ ಉಳಿಯುತ್ತದೆ, ರುಚಿ ಉಳಿಯುವುದಿಲ್ಲ, ಅಂಗುಳಿಗೆ ಮೇಣದಂತೆ ಅಂಟುತ್ತದೆ. ಜೊತೆಗಿದ್ದ ಪ್ಲಾಸ್ಟಿಕ್ ಮೊಲವನ್ನು ಏಕೆ ಇಟ್ಟರೋ ತಿಳಿಯದು. ಈಸ್ಟರಿಗೂ ಮೊಲಕ್ಕೂ ಗಂಟು ಹಾಕಿದ್ದು ಜರ್ಮನ್ ಸೀಮೆಯ ಹಳೆಯ ಪದ್ಧತಿ. ನಮ್ಮ ಕಡೆ ಯಾವ ಅಜ್ಜಿಯೂ ಆ ಕಥೆ ಹೇಳಿದ್ದು ನಾನು ಕೇಳಿಲ್ಲ. ಚಿಕ್ಕವನು ಅದನ್ನು ತೋಟದೊಳಗೆ, ಸಮಾಧಿಯ ಕಾವಲಿಗೆ ನಿಲ್ಲಿಸಿಬಿಟ್ಟಿದ್ದಾನೆ ಎಂಬುದನ್ನೂ ಹೇಳಿಬಿಡುತ್ತೇನೆ.

ಲೇಬಲ್ಲಿನ ವಿಷಯದಲ್ಲಿ ಕಟುವಾಗಿ ಹೇಳಲೇಬೇಕಾದ ಮಾತಿದೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ 14 ಅಂಕಿಗಳ ಸಂಖ್ಯೆ ಪೆಟ್ಟಿಗೆಯ ಮೇಲಿದೆ, ಮನೆಯಲ್ಲಿ ತಯಾರಿಸಿ ಮಾರುವವರಿಗೂ ನೋಂದಣಿ ಬೇಕೆಂಬ ನಿಯಮವನ್ನು ಇವರು ಪಾಲಿಸಿದ್ದಾರೆ. ಆದರೆ ತಯಾರಿಸಿದ ದಿನಾಂಕವಾಗಲಿ, ಎಷ್ಟು ದಿನದೊಳಗೆ ತಿನ್ನಬೇಕೆಂಬುದಾಗಲಿ ಎಲ್ಲಿಯೂ ಇಲ್ಲ. ಗೋಡಂಬಿ ಮತ್ತು ಮೊಟ್ಟೆ ಕೆಲವು ಮಕ್ಕಳಿಗೆ ಅಲರ್ಜಿ ತರುವ ಪದಾರ್ಥಗಳು. ಅವುಗಳ ಎಚ್ಚರಿಕೆ ದೊಡ್ಡ ಅಕ್ಷರದಲ್ಲಿರಬೇಕಿತ್ತು. ಹಬ್ಬದ ಸಿಹಿಯನ್ನು ಅಕ್ಕಪಕ್ಕದ ಮನೆಗಳಿಗೆ ಹಂಚುವ ನಮ್ಮ ಊರಿನಲ್ಲಿ ಮೊಟ್ಟೆ ಇದೆಯೆಂದು ತೋರಿಸುವ ಕಂದು ಗುರುತು ಇಲ್ಲದಿರುವುದು ಇನ್ನೂ ದೊಡ್ಡ ಕೊರತೆ. ಪಕ್ಕದ ಮನೆಯವರು ಶುದ್ಧ ಸಸ್ಯಾಹಾರಿಗಳು; ಮಾರ್ಜಿಪಾನ್ ಎಂದರೆ ಗೋಡಂಬಿ ಬರ್ಫಿಯಂಥದ್ದೇ ಎಂದುಕೊಂಡು ಯಾರಾದರೂ ಕೊಟ್ಟುಬಿಡುವ ಸಾಧ್ಯತೆ ಬಹಳ. ನಾವು ಅವರಿಗೆ ಕುಂದಾ ಕೊಟ್ಟೆವು.

ಒಟ್ಟಿನಲ್ಲಿ ನಾಲ್ಕರಿಂದ ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗೆ ಈ ಪೆಟ್ಟಿಗೆಯನ್ನು ಧೈರ್ಯವಾಗಿ ಕೊಳ್ಳಬಹುದು. ಮೂರು ವರ್ಷದೊಳಗಿನ ಮಗುವಿಗೆ ಬೇಡ. ಬೀಜ, ಲವಂಗ, ಸಣ್ಣ ಮೇಣದ ಚುಕ್ಕೆಗಳು ಬಾಯಿಗೆ ಹೋಗುವಂಥವು. ಬೆಲೆ ಹೆಚ್ಚೆನಿಸುವವರು ತೋಟ, ಕಥೆಯ ಹಾಳೆ ಮತ್ತು ಮೇಣದಬತ್ತಿಯನ್ನಷ್ಟೇ ಕೊಡುತ್ತೀರಾ ಎಂದು ಕೇಳಿ ನೋಡಬೇಕು: ನಾನು ಕೇಳಿದಾಗ 2022ರಿಂದ ಅವನ್ನು ಪ್ರತ್ಯೇಕವಾಗಿ 400 ರೂಪಾಯಿಗೆ ಕೊಡುವ ಯೋಚನೆಯಿದೆ ಎಂದರು, ತಟ್ಟೆಗೆ ತೂತು ಮಾಡಿಸಲು ಕುಂಬಾರರಿಗೆ ಹೇಳುವುದಾಗಿಯೂ ಒಪ್ಪಿದರು. ಬೀಜ ಮೊಳೆತು ಬೆಳೆಯಲು ಒಂದು ವಾರಕ್ಕೂ ಹೆಚ್ಚು ಬೇಕಾಗುವುದರಿಂದ, ಯಾರ ಬಳಿ ತರಿಸಿದರೂ ತೋಟದ ಸಾಮಾನು ಗರಿಗಳ ಭಾನುವಾರಕ್ಕೆ ಮುಂಚಿನ ಶುಕ್ರವಾರದೊಳಗೆ ಕೈಸೇರುವಂತೆ ಮೊದಲೇ ಹೇಳಿಡಬೇಕು.